ನಮ್ಮೊಳಗೆ ಬಡವರಿಲ್ಲ

ಬನಹಟ್ಟಿ
೨೧-೨-೨೦೧೦

ಚಿರಂಜೀವಿ ತಮ್ಮ ಆದಿನಾಥನಿಗೆ ಅಕ್ಕ ಕಮಲಾಬಾಯಿಯ ಜಯ ಜಿನೇಂದ್ರ.

ನಾನು ಆರಾಮ ಇದ್ದೇನೆ ಎಂದು ಬರೆಯುವುದು ರೂಢಿ, ಅದಕ್ಕೆ ಬರೆದಿದ್ದೇನೆ. ನಿನ್ನ ಚೀಟಿಗೆ ಉತ್ತರ ತಡವಾಯಿತು. ಎರಡು ಸಲ ಬರೆದು ಎರಡು ಸಲವೂ ಹರಿದು ಹಾಕಿದೆ, ಬೈಗುಳವೇ ಹೆಚ್ಚಾಗಿತ್ತು. ಇದರಲ್ಲಿ ಸ್ವಲ್ಪ ಕಡಿಮೆ ಇದೆ.

ನನ್ನ ವಿಧವಾ ಪಿಂಚಣಿ ನಿಂತ ಸುದ್ದಿ ತಿಳಿದ ಮೇಲೆ ನಿನ್ನ ಮಗಳು ಭಕ್ತಿಯ ಕೈಯಲ್ಲಿ ತುಪ್ಪದ ಡಬ್ಬಿ, ನೋಟಿನ ಲಕೋಟೆ ಕಳಿಸಿದ್ದೀ. ‘ಅಕ್ಕಾ, ಸರಕಾರದ ರೊಕ್ಕ ನಿನಗ್ಯಾಕ? ತಿಂಗಳಾ ತಿಂಗಳಾ ನಾ ಕಳಸ್ತೇನಿ. ಈ ಮಾತು ಇಲ್ಲಿಗೇ ಬಿಡು’ ಎಂದು ಚೀಟಿ ಬೇರೆ. ಡಬ್ಬಿ, ಲಕೋಟೆ ಎರಡನ್ನೂ ಪಕ್ಕದ ಮನೆಯ ಭಾಗವ್ವನ ಕೈಯಲ್ಲಿ ವಾಪಸ್ಸು ಕಳಿಸುತ್ತಿದ್ದೇನೆ. ನನ್ನ ಜೊತೆ ಕೂತು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವವಳು ಅವಳು. ಒಂದು ಚಮಚ ತುಪ್ಪವೂ ಕಡಿಮೆಯಾಗಿಲ್ಲ, ಬೇಕಾದರೆ ತೂಗಿ ನೋಡಿಕೊ.

ನಿನ್ನ ಮನೆಯಲ್ಲಿ ತುಪ್ಪ ಯಾಕೆ ಮಿಕ್ಕಿದೆ ಎಂದು ನನಗೆ ಗೊತ್ತಿಲ್ಲವೇ? ಚಾತುರ್ಮಾಸದಲ್ಲಿ ಮುನಿ ಮಹಾರಾಜರು ತೇರದಾಳದ ಬಸದಿಯಲ್ಲಿ ಪ್ರವಚನ ಮಾಡಿದಾಗ ಹೆಂಗಸರ ಸಾಲಿನಲ್ಲಿ ನಾನೂ ಇದ್ದೆ. ‘ಬಡವರ ಅನ್ನ ನಿಮ್ಮ ದಾನಕ್ಕೆ ಕಾಯುತ್ತ ಕೂರಬಾರದು. ಸರಕಾರದ ಬಜೆಟ್ಟಿನಲ್ಲಿ ಅವರ ಪಾಲು ಇರಬೇಕು. ಹೋಗಿ ಕೇಳಿರಿ’ ಎಂದರು. ಬಜೆಟ್ ಆಗುವವರೆಗೆ ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಈ ಆರು ರಸಗಳಲ್ಲಿ ಒಂದನ್ನು ಬಿಡುವ ನಿಯಮ ಕೊಟ್ಟರು. ನೀನು ಎದ್ದು ನಿಂತು ತುಪ್ಪ ಬಿಟ್ಟೆ. ಎಲ್ಲರೂ ಜಯಕಾರ ಹಾಕಿದರು. ನಾನು ಒಂಬತ್ತು ವರ್ಷದ ಹಿಂದೆ, ನಮ್ಮ ಮನೆಯವರು ತೀರಿಕೊಂಡಾಗಲೇ ತುಪ್ಪ ಬಿಟ್ಟವಳು. ಆಗ ಯಾರೂ ಜಯಕಾರ ಹಾಕಲಿಲ್ಲ.

ಆದರೂ ಆ ದಿನ ನಿನ್ನ ಬಗ್ಗೆ ಹೆಮ್ಮೆಯಾಯಿತು, ಖರೆ ಹೇಳುತ್ತೇನೆ. ನೀನು ಅಂಗಡಿ ಮುಚ್ಚಿಕೊಂಡು ಚಿಮ್ಮಡ, ಸಾವಳಗಿ ಎಂದು ಊರೂರು ತಿರುಗಿದೆ. ವಿಧವೆಯರ, ಮುದುಕರ ಪಿಂಚಣಿ ಕಡಿಮೆ ಮಾಡಬಾರದು, ಹೆಚ್ಚಿಸಬೇಕು ಎಂಬ ಅರ್ಜಿಗೆ ಸಹಿ, ಹೆಬ್ಬೆಟ್ಟು ಹಾಕಿಸಿದೆ. ನನ್ನ ಸಹಿ ಮಾತ್ರ ಕೇಳಲಿಲ್ಲ. ಏಳು ವರ್ಷದಿಂದ ಆ ಪಿಂಚಣಿಯಲ್ಲೇ ಜೋಳ ತರುತ್ತಿದ್ದೇನೆ ಎಂದು ನಾನೂ ಹೇಳಲಿಲ್ಲ. ತೇರದಾಳದ ವ್ಯಾಪಾರಿ ಮನೆತನದ ಹೆಣ್ಣುಮಗಳು ಮನಿಯಾರ್ಡರಿಗಾಗಿ ಅಂಚೆಯವನ ದಾರಿ ಕಾಯುತ್ತಾಳೆ ಎಂದು ಗೊತ್ತಾದರೆ ನಿನ್ನ ಮಾನ ಹೋದೀತೆಂದು ಹೆದರಿಕೆ.

ಜನವರಿಯಲ್ಲಿ ಜಮಖಂಡಿಯ ಸಭೆಯಲ್ಲಿ ನೀನು ತಹಶೀಲ್ದಾರ ಸಾಹೇಬರಿಗೆ ಅರ್ಜಿ ಕೊಟ್ಟೆ. ‘ನಿಮ್ಮ ಸಮಾಜದಾಗ ಎಷ್ಟ ಮಂದಿ ಪಿಂಚಣಿ ತಗೋತಾರ್ರಿ?’ ಎಂದು ಸಾಹೇಬರು ಕೇಳಿದರು. ನೀನು ಎದೆ ಉಬ್ಬಿಸಿ, ‘ನಮ್ಮೊಳಗ ಬಡವರ ಇಲ್ಲರಿ. ಸರಕಾರದ ಮುಂದ ಕೈ ಚಾಚೋರು ಒಬ್ರೂ ಇಲ್ಲ. ನಾವು ಬಂದದ್ದು ಬ್ಯಾರೇದವ್ರ ಸಲುವಾಗಿ’ ಎಂದೆ. ಅದು ಪತ್ರಿಕೆಯಲ್ಲೂ ಬಂತು, ನಿನ್ನ ಫೋಟೋ ಸಮೇತ.

ಹತ್ತು ದಿನಕ್ಕೆ ಊರಿನ ಲೆಕ್ಕ ಬರೆಯುವ ತಲಾಟಿ ನನ್ನ ಬಾಗಿಲಿಗೆ ಬಂದ. ‘ನಿಮ್ಮ ಹೆಸರ ತಗದೇವ್ರಿ ಬಾಯಾರ. ನಿಮ್ಮ ತಮ್ಮಾರ ಸಭಾದಾಗ ಹೇಳ್ಯಾರಲ್ಲರಿ’ ಎಂದ. ನನ್ನದಷ್ಟೇ ಅಲ್ಲ, ನಮ್ಮ ಸಮಾಜದವಳೇ ಆದ ಓಣಿಯ ಕಣ್ಣಿಲ್ಲದ ಪದ್ಮವ್ವನದೂ ಹೋಯಿತು. ಅವಳಿಗೆ ತುಪ್ಪ ಕಳಿಸುವ ತಮ್ಮನೂ ಇಲ್ಲ.

ನಿನ್ನ ದುಡ್ಡು ನನಗೆ ಬೇಡ. ಅದು ನಿನ್ನ ವ್ಯಾಪಾರ ನೋಡಿ, ನಿನ್ನ ಹೆಂಡತಿಯ ಮುಖ ನೋಡಿ ಬರುವ ದುಡ್ಡು. ಒಂದು ತಿಂಗಳು ಬರುತ್ತದೆ, ಮರು ತಿಂಗಳು ನಿನಗೆ ಮರೆತುಹೋಗುತ್ತದೆ. ನಮ್ಮ ಮನೆಯವರು ಹೋದಾಗ ‘ನಿನ್ನ ನೋಡ್ಕೊಳ್ಳಾಕ ನಾ ಅದೀನಲ್ಲ’ ಎಂದವನು ಎಷ್ಟು ದಿನ ಇದ್ದೆ? ಮೂರು ಚೀಲ ಜೋಳ ಮುಗಿಯುವಷ್ಟು ದಿನ. ಪಿಂಚಣಿ ಚಿಕ್ಕದಾದರೂ ನನ್ನದಾಗಿತ್ತು. ಆ ರೊಟ್ಟಿ ತಿನ್ನುವಾಗ ಯಾರ ಹಂಗೂ ಇರಲಿಲ್ಲ. ಮಹಾರಾಜರು ಹೇಳಿದ್ದು ಇದನ್ನೇ. ನಿನಗೆ ಜಯಕಾರವಷ್ಟೇ ಕೇಳಿಸಿತು.

ಬರುವ ಶುಕ್ರವಾರ ನೀವು ಮತ್ತೆ ಜಮಖಂಡಿಗೆ ಹೋಗುತ್ತೀರಿ ಎಂದು ಭಕ್ತಿ ಹೇಳಿದಳು. ಹೋಗು. ಅದೇ ಸಾಹೇಬರ ಮುಂದೆ, ಅದೇ ಜನರ ಮುಂದೆ ನಿಂತು, ನಮ್ಮೊಳಗೂ ಬಡವರಿದ್ದಾರೆ, ಮೊದಲ ಹೆಸರು ನನ್ನ ಅಕ್ಕನದು ಎಂದು ಹೇಳಿ ಬರೆದುಕೊಡು. ತುಪ್ಪ ಬಿಟ್ಟಷ್ಟು ಸುಲಭವಲ್ಲ ಇದು, ಗೊತ್ತು. ಅಲ್ಲಿಯವರೆಗೆ ನನ್ನ ಹೊಸ್ತಿಲು ತುಳಿಯಬೇಡ.

ಭಕ್ತಿ ಚೆನ್ನಾಗಿ ಓದಲಿ, ಅವಳಿಗೆ ನನ್ನ ಆಶೀರ್ವಾದ. ನಿನಗೂ ಒಳ್ಳೆಯದಾಗಲಿ, ಬುದ್ಧಿ ಬಂದ ಮೇಲೆ.

ನಿನ್ನ ಅಕ್ಕ,
ಕಮಲಾಬಾಯಿ

ತಾ.ಕ.: ಡಬ್ಬಿ ತಂದ ಭಾಗವ್ವನ ಮುಂದೆ ಕಥೆ ಕಟ್ಟಬೇಡ. ಆ ದಿನ ಜಮಖಂಡಿಯಲ್ಲಿ ಅವಳೂ ಇದ್ದಳು, ನಾನೂ ಇದ್ದೆ. ನಿನ್ನ ಮಾತು ಕೇಳಬೇಕೆಂದು, ಯಾರಿಗೂ ಹೇಳದೆ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದೆವು. ಬಡವರಿಲ್ಲ ಎಂದು ನೀನು ಹೇಳಿದ ಮೇಲೆ ಸಾಹೇಬರು ಪಟ್ಟಿ ತಿರುವಿ, ‘ಬನಹಟ್ಟಿ, ಕಮಲಾಬಾಯಿ ಕೋಂ ನೇಮಣ್ಣ. ಇವ್ರು ನಿಮ್ಮವ್ರ ಅಲ್ಲೇನ್ರಿ?’ ಎಂದು ನಿನ್ನ ಭಾವನ ಹೆಸರು ಸಮೇತ ಓದಿದರು. ಪತ್ರಿಕೆಯವರು ಇದನ್ನು ಬರೆಯಲಿಲ್ಲ. ನಿನಗೆ ಗೊತ್ತಾಯಿತು, ನಿನ್ನ ಕಿವಿ ಕೆಂಪಾದದ್ದು ನನಗೆ ಹಿಂದಿನಿಂದ ಕಂಡಿತು. ಆದರೂ ‘ಯಾವುದೋ ಬೋಗಸ್ ಹೆಸರ ಇರಬೇಕ್ರಿ, ತಗದ ಬಿಡ್ರಿ’ ಎಂದು ನೀನೇ ಹೇಳಿದೆ. ಭಾಗವ್ವ ಸಿಟ್ಟಿನಿಂದ ಎದ್ದಳು. ಅವಳ ಸೆರಗು ಜಗ್ಗಿ ಕೂರಿಸಿದವಳು ನಾನು, ತಮ್ಮನ ಮರ್ಯಾದೆ ಹೋದೀತೆಂದು. ಶುಕ್ರವಾರ ನಾನು ಮೊದಲ ಸಾಲಿನಲ್ಲಿ ಕೂರುತ್ತೇನೆ.