ಲಿಫ್ಟಿನ ಪುಸ್ತಕ

ಜೂನ್ ೬, ಬೆಳಿಗ್ಗೆ ೭.೪೦

ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ ತಪ್ಪೊಪ್ಪಿಕೊಳ್ಳುತ್ತಿದ್ದೇನೆ: ಇಂದು ಬಾತ್‌ರೂಮಿನ ಚಿಲಕ ಹಾಕಿಕೊಂಡು, ಹೆಂಡತಿಯ ಹೇರ್ ಡ್ರೈಯರಿನಿಂದ ಒಂದು ಜೊತೆ ಕಾಲುಚೀಲ ಒಣಗಿಸಿದೆ. ಎರಡು ನಿಮಿಷ. ಆರೋಪಿ — ನಮ್ಮ ಕಟ್ಟಡದ ‘ವಿದ್ಯುತ್ ಉಳಿಸಿ ಪಕ್ಷ’ದ ಅಧ್ಯಕ್ಷ. ಹದಿನೈದು ದಿನದ ಪಕ್ಷ, ಚುನಾವಣೆಯದ್ದಲ್ಲ. ಆದರೂ ಭಾಷಣ ಇತ್ತು.

ನಿನ್ನೆಯ ಉದ್ಘಾಟನೆ ಭರ್ಜರಿ. ಹತ್ತೊಂಬತ್ತರವರೆಗೆ ಲಿಫ್ಟ್ ಬಂದ್. ತೀರಾ ಬೇಕಾದವರು ವಾಚ್‌ಮನ್ ಹತ್ತಿರದ ಪುಸ್ತಕದಲ್ಲಿ ಹೆಸರು, ಕಾರಣ ಬರೆದು ಹತ್ತಬೇಕು. ಸಮಾರೋಪದ ದಿನ ಅಷ್ಟನ್ನೂ ಅಧ್ಯಕ್ಷರು ಮೈಕಿನಲ್ಲಿ ಓದುತ್ತಾರೆ. ಐಡಿಯಾ ನನ್ನದೇ. “ಐದನೇ ಮಹಡಿಯ ನನ್ನ ತಾಯಿ, ಎಪ್ಪತ್ತೆಂಟು ವರ್ಷ, ತಾವಾಗಿಯೇ ಲಿಫ್ಟ್ ಬಿಟ್ಟಿದ್ದಾರೆ!” ಅಂದೆ. ಚಪ್ಪಾಳೆಯೋ ಚಪ್ಪಾಳೆ.

ಜೂನ್ ೮

ಮೂರನೇ ಮಹಡಿಯ ರಿಟೈರ್ಡ್ ಟೈಪಿಸ್ಟ್ ಹೊಸ ಮಂಚ ತರಿಸಿದ್ದಾರೆ. “ಸಾರ್, ಒಂದೇ ಒಂದ್ಸಲ...”

“ಧಾರಾಳವಾಗಿ. ಬರೀರಿ, ಓದ್ತೀನಿ.”

ಮೆಟ್ಟಿಲಲ್ಲೇ ಹೊತ್ತರು. “ನಿಮ್ಮ ತಾಯಿಯೇ ಬಿಟ್ಟಿರುವಾಗ ನಮ್ಮದೇನು ಬಿಡಿ.”

ಪುಸ್ತಕ ಇನ್ನೂ ಖಾಲಿ. ಮೀಟರ್ ನಿಜಕ್ಕೂ ನಿಧಾನವಾಗಿದೆ. ಮೆಟ್ಟಿಲಲ್ಲಿ ಜನ ಒಬ್ಬರನ್ನೊಬ್ಬರು ಮಾತಾಡಿಸುತ್ತಾರೆ — ಏದುಸಿರು ಬಿಡುತ್ತಾ.

ಅಮ್ಮ ಬಾಲ್ಕನಿಯಲ್ಲಿ. ಸಂಜೆ ಕೆಳಗಿನ ಬೆಂಚಿನಲ್ಲಿ ನೆಲಮಹಡಿಯ ಟೀಚರಮ್ಮನ ಜೊತೆ ಕೂರುವುದು ಅವಳ ಇಡೀ ದಿನದ ಹೊರಸಂಚಾರ. ಮಂಡಿ ಮೆಟ್ಟಿಲಿಗೆ ಒಪ್ಪುವುದಿಲ್ಲ. ಈಗ ಇವಳು ಮೇಲಿಂದ ಕೈಬೀಸುತ್ತಾಳೆ, ಅವರು ಕೆಳಗಿಂದ. ಕೂಗಿದರೂ ಪ್ರಯೋಜನವಿಲ್ಲ, ಕಿವಿ ಇಬ್ಬರದೂ ಅಷ್ಟಕ್ಕಷ್ಟೇ.

ಜೂನ್ ೧೩

ಟೀಚರಮ್ಮ ಹದಿನೆಂಟಕ್ಕೆ ಮಗಳ ಊರಿಗೆ ಹೊರಡುತ್ತಾರಂತೆ. ಖಾಯಂ ಆಗಿ. ಇನ್ನೆರಡು ದಿನ ತಡೆಯಬಾರದೇ?

“ಏನೋ, ಆ ಪುಸ್ತಕದಲ್ಲಿ ನನಗೂ ಒಂದು ಸಾಲು ಸಿಗುತ್ತೇನೋ?”

“ಅಮ್ಮಾ, ನಿನ್ನ ಹೆಸರು ಮೈಕಲ್ಲಿ ಬಂದ್ರೆ...”

“ನನ್ನ ಹೆಸರಿಗೇನಾಗುತ್ತಪ್ಪಾ. ನಿನ್ನ ಮೂಗು ಉಳಿದ್ರೆ ಸಾಕು.”

ಹೆಂಡತಿ: “ಹೊತ್ಕೊಂಡಾದ್ರೂ ಹೋಗಿ.” ನನ್ನ ಸೊಂಟ ಕೇಳಿಸದಂತೆ ನಟಿಸಿತು.

ಮಂಡಿ ನೋವು ಅಮ್ಮನದು, ಮಂಡಿಯೂರಬೇಕಾದವನು ನಾನು. ಆಗುತ್ತಿಲ್ಲ. ಅವಳು ಮನೆಯೊಳಗೆ ಸಿಕ್ಕಿಬಿದ್ದಿದ್ದಾಳೆ. ನಾನು ಚಪ್ಪಾಳೆಯೊಳಗೆ.

ಜೂನ್ ೧೮, ಮಧ್ಯಾಹ್ನ

ಹತ್ತಕ್ಕೆ ಬಾಗಿಲು ತಟ್ಟಿದ ಸದ್ದು. ಟೀಚರಮ್ಮ! ನೂರಾ ಹತ್ತು ಮೆಟ್ಟಿಲು. ಮಹಡಿಗೊಂದು ಸಲ ಕೂತು, ಮುಕ್ಕಾಲು ಗಂಟೆ. ಉಸಿರು ಸಿಳ್ಳೆ ಹಾಕುತ್ತಿತ್ತು.

“ನೀವಾಗೇ ಲಿಫ್ಟ್ ಬಿಟ್ಟಿದ್ದೀರಂತೆ, ಮಗ ಮೈಕಲ್ಲಿ ಹೇಳಿದ್ರು. ನಿಮ್ಮ ಶಪಥ ನಾನ್ಯಾಕೆ ಮುರೀಲಿ? ನಾನೇ ಬಂದೆ ರೀ.”

ಅಮ್ಮ ನನ್ನನ್ನೊಮ್ಮೆ ನೋಡಿದಳು. ಅವರ ಕೈ ಹಿಡಿದು ಕೂತಳು.

ಹನ್ನೊಂದಕ್ಕೆ ಕೆಳಗೆ ಕಾರಿನ ಹಾರನ್. ಟೀಚರಮ್ಮ ಏಳಲು ನೋಡಿದರು, ಕಾಲು ಏಳಲಿಲ್ಲ. ಮತ್ತೆ ಹಾರನ್. ಕೆಳಗೆ ಓಡಿದೆ. ವಾಚ್‌ಮನ್ ಪುಸ್ತಕ ಚಾಚಿದ. “ಕಾರಣ ಬರೀಬೇಕು ಸಾರ್. ನೀವೇ ಹೇಳಿದ್ದು.”

ಬರೆದೆ. ಲಿಫ್ಟ್ ಇಬ್ಬರನ್ನೂ ಒಟ್ಟಿಗೇ ಇಳಿಸಿತು. ಕಾರು ಹೋದ ಮೇಲೂ ಅಮ್ಮ ಬೆಂಚಿನಿಂದ ಏಳಲಿಲ್ಲ.

ಜೂನ್ ೧೯, ಸಂಜೆ ೫.೩೦

ಅರ್ಧ ಗಂಟೆಯಲ್ಲಿ ಮೈಕ್. ಇಡೀ ಪುಸ್ತಕದಲ್ಲಿ ಒಂದೇ ಸಾಲು, ನನ್ನ ಅಕ್ಷರ: ‘ಅತಿಥಿಗೆ ದಿಢೀರ್ ಕಾಲುನೋವು.’ ಓದಿದರೆ ಇದಕ್ಕೂ ಚಪ್ಪಾಳೆ ಬೀಳುತ್ತದೆ. ಹೊಡೆದುಹಾಕಿದೆ. ಸರಿಯಾದ ಕಾರಣ ಬರೆಯಬೇಕು — ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಅಮ್ಮ ತಾನಾಗಿ ಲಿಫ್ಟ್ ಬಿಟ್ಟಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ. ಉದ್ಘಾಟನೆಯ ಸಂಜೆ ಲಿಫ್ಟ್ ಆಫ್ ಮಾಡಿಸಿ ನಾನು ಭಾಷಣಕ್ಕೆ ಹೊರಟಾಗ, ಚಪ್ಪಲಿ ಹಾಕಿಕೊಂಡು ಲಿಫ್ಟಿನ ಮುಂದೆ ನಿಂತಿದ್ದಳು. ಗುಂಡಿ ಒತ್ತುತ್ತಾ, ಒತ್ತುತ್ತಾ. ಕರೆಂಟ್ ಹೋಗಿದೆ ಅಮ್ಮ, ಇನ್ನೇನು ಬರುತ್ತೆ, ಒಳಗೆ ಕೂತಿರು ಅಂತ ನಾನೇ —