ಎದೆಯಿಂದ ಹೊರಟವಳು

ಶ್ರೀ ದುರ್ಗಾ ಸಹಾಯ

ಕೃಷ್ಣನಗರ
ಅಗ್ರಹಾಯಣ ೧೨

ಕಲ್ಯಾಣೀಯ ಝುನು,

ನೀನೂ ನಬೀನನೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಪೂಜೆಗೆ ಮುಂಚೆಯೇ ಬರೆಯಬೇಕಿತ್ತು, ತಡವಾಯಿತು, ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ತಂದೆಯ ಸುದ್ದಿ ತೆಗೆದ ಕೂಡಲೇ ನೀನು "ಮಾ, ಸಾಕು" ಎನ್ನುತ್ತೀಯ. ಕಾಗದದಲ್ಲಿ ನಿನಗೆ ಆ ಅನುಕೂಲ ಇಲ್ಲ.

ಭಾದ್ರ ಮಾಸದಲ್ಲಿ ನಿನ್ನ ಬಾಬಾನಿಗೆ ಕಲ್ಕತ್ತೆಯಲ್ಲಿ ಹೃದಯದ ಆಪರೇಷನ್ ಆಯಿತು. ಗಾಬರಿ ಬೇಡ, ಈಗ ಹುಷಾರಾಗಿದ್ದಾರೆ. ಉಪ್ಪಿಲ್ಲದ ಸಾರಿಗೆ ದಿನವೂ ನನ್ನ ಮೇಲೆ ರೇಗುವಷ್ಟು ಹುಷಾರು. ನಿನಗೆ ತಿಳಿಸಬಾರದೆಂದು ತಮ್ಮ ತಲೆಯ ಮೇಲೆ ನನ್ನ ಕೈ ಇಡಿಸಿಕೊಂಡು ಆಣೆ ಹಾಕಿಸಿದ್ದರು. ಆಪರೇಷನ್‌ಗೆ ಹೋಗುತ್ತಿರುವ ಮನುಷ್ಯನ ತಲೆ, ನಾನೇನು ಮಾಡಲಿ?

ಡಾಕ್ಟರು ವಿಶ್ರಾಂತಿ ಎಂದರೂ ಈ ಸಲದ ಜಗದ್ಧಾತ್ರಿ ಪೂಜೆಗೆ ತಾವೇ ಪೂಜಾರಿಯಾಗಿ ಕೂರುವುದಾಗಿ ಹಟ ಹಿಡಿದರು. ಕಮಿಟಿಯ ಗಜೇನ್ ಪಾಲ್ ನಮ್ಮ ಜಗಲಿಗೆ ಬಂದು, "ಠಾಕುರ್ ಮಶಾಯ್, ಡಾಕ್ಟರು ಎದೆ ತೆಗೆದು ನೋಡಿದ್ರಲ್ಲ, ಒಳಗೆ ಅಮ್ಮ ಕಂಡಳಂತಾ?" ಎಂದು ಕಿಚಾಯಿಸಿದ. "ಕಂಡಿದ್ರೆ ಅವಳಿಗೂ ನಾಲ್ಕು ಹೊಲಿಗೆ ಹಾಕಿ ಬಿಲ್ಲಿಗೆ ಸೇರಿಸ್ತಿದ್ರು ಕಣಯ್ಯಾ" ಎಂದರು ಇವರು. ನಗುವಾಗ ಎದೆ ಒತ್ತಿ ಹಿಡಿದುಕೊಳ್ಳುತ್ತಾರೆ, ಇನ್ನೂ ನೋವಿದೆ.

ಅಮ್ಮನನ್ನು ಎದೆಯೊಳಗೆ ಕಾಣುವ ಆ ವಿದ್ಯೆ ನಿನಗೆ ಮರೆತಿರಲಾರದು. ಲಂಗದ ತುದಿ ಬಾಯಲ್ಲಿ ಕಚ್ಚಿಕೊಂಡು ಅವರ ತೊಡೆಯ ಮೇಲೆ ಕೂತು, ಎದೆಗೆ ಬೆರಳು ತಾಗಿಸುತ್ತಾ ಕ-ದಿಂದ ಠ-ವರೆಗೆ ಹನ್ನೆರಡು ಅಕ್ಷರ ಒಪ್ಪಿಸುತ್ತಿದ್ದೆ, ಎದೆಯೊಳಗಿನ ಅನಾಹತ ಕಮಲದ ದಳಕ್ಕೊಂದು. ಅದರ ಕೆಳಗೆ ಇನ್ನೊಂದು ಪುಟ್ಟ ಕಮಲ, ಅಲ್ಲಿ ಬೇಡಿದ್ದನ್ನು ಕೊಡುವ ಮರ, ಮರದಡಿಯ ಪೀಠದಲ್ಲಿ ದೇವಿ. ಪೂಜೆಗೆ ಕೂತವನು ಮೊದಲು ಅವಳನ್ನು ಅಲ್ಲಿ ಕಾಣಬೇಕು, ಮನಸ್ಸಿನಲ್ಲೇ ಪೂಜಿಸಬೇಕು, ಆಮೇಲೆ ಉಸಿರಿನ ಜೊತೆ ಕೈಯ ಹೂವಿಗೆ ತರಬೇಕು. ಹೂವು ಮೂರ್ತಿಯನ್ನು ಮುಟ್ಟಿದ ಮೇಲೆಯೇ ಮಣ್ಣು ಅಮ್ಮನಾಗುವುದು. ಯೋಗದ ತರಗತಿಯವರು ಎದೆಯಲ್ಲಿ ಹಸಿರು ಬೆಳಕು ನೋಡಿ ಎನ್ನುತ್ತಾರಲ್ಲ, ಅದಕ್ಕೆ ನಿನ್ನ ಬಾಬಾ, "ಬೆಳಕು ಹಾಕಿಬಿಟ್ರೆ ಆಯ್ತಾ? ಒಳಗೆ ಯಾರು ಕೂತಿದ್ದಾರೆ ನೋಡ್ಬೇಡ್ವಾ?" ಎನ್ನುತ್ತಾರೆ.

ನವಮಿಯ ದಿನ ಅವರು ಪೂಜೆಯ ಆ ಹಂತಕ್ಕೆ ಬಂದು ನಿಂತುಬಿಟ್ಟರು. ಕೈಯಲ್ಲಿ ಹೂವು, ಕಣ್ಣು ಮುಚ್ಚಿದೆ, ಮೈ ಬೆವರುತ್ತಿದೆ. ಢಾಕಿನವರು ಬಾರಿಸುವುದನ್ನು ನಿಲ್ಲಿಸಿ ಮುಖಮುಖ ನೋಡಿಕೊಂಡರು. ನಾನು ಮಾತ್ರೆ ಹಿಡಿದು ಓಡಬೇಕೆನ್ನುವಷ್ಟರಲ್ಲಿ ದೊಡ್ಡದೊಂದು ಉಸಿರು ಬಿಟ್ಟು ಹೂವನ್ನು ಮೂರ್ತಿಗೆ ಮುಟ್ಟಿಸಿದರು. ಪೂಜೆ ಮುಂದುವರಿಯಿತು. ಊರಿಗೇನೂ ತಿಳಿಯಲಿಲ್ಲ.

ಮಧ್ಯಾಹ್ನ ಮನೆಗೆ ಬಂದವರು ಖಿಚುಡಿ ಮುಟ್ಟದೆ, "ತಪ್ಪಾಯ್ತು ಕಣೇ" ಎಂದರು.

"ಮಂತ್ರ ತಪ್ಪಿತಾ?"

"ಮಂತ್ರ ಅಲ್ಲ. ಪೀಠದ ಮೇಲೆ ಅಮ್ಮ ಇರಲಿಲ್ಲ. ಝುನು ಕೂತಿದ್ಲು. ಲಂಗ ಕಚ್ಚಿಕೊಂಡು."

ನೀನು ನಬೀನನ ಕೈಹಿಡಿದು ಮನೆ ಬಿಟ್ಟ ಮೇಲೆ ಅವರ ಬಾಯಲ್ಲಿ ನಿನ್ನ ಹೆಸರು ಕೇಳಿದ್ದು ಆಗಲೇ.

"ಎಬ್ಬಿಸಬೇಕಿತ್ತು" ಎಂದೆ.

"ಏಳಲಿಲ್ಲ. ಹೊತ್ತು ಮೀರ್ತಿತ್ತು. ಇದ್ದವಳನ್ನೇ ತಂದು ಕೂರಿಸಿದೆ."

ಯೋಚನೆ ಮಾಡು, ಝುನು. ಇಡೀ ಬೀದಿ ಹರಕೆ ಹೊತ್ತು ಕೈಮುಗಿದದ್ದು ನಿನಗೆ! ನನಗೆ ನಗುವೂ ಬಂತು. ಅವರ ಮುಖ ನೋಡಿ ನುಂಗಿಕೊಂಡೆ.

ನಿಜವಾದ ಕಷ್ಟ ಮರುದಿನ. ಮೂರ್ತಿಯನ್ನು ಮುಳುಗಿಸಲು ಜಲಂಗಿ ನದಿಗೆ ಒಯ್ಯುವ ಮುನ್ನ ಪೂಜಾರಿ ಅಮ್ಮನನ್ನು ಬೀಳ್ಕೊಡಬೇಕು. ಹೊರುವ ಹುಡುಗರು ಬಿದಿರಿಗೆ ಹೆಗಲು ಕೊಡಲು ತಯಾರಾಗಿದ್ದರು. ನಿನ್ನ ಬಾಬಾ ಹೂವು ಹಿಡಿದು ಸುಮ್ಮನೆ ಕೂತಿದ್ದಾರೆ. ಗಜೇನ್ ಚಡಪಡಿಸಿದ. "ಠಾಕುರ್ ಮಶಾಯ್, ಪಕ್ಕದ ಬೀದಿಯವರು ನಮ್ಮನ್ನ ದಾಟಿ ಹೋದ್ರೆ ವರ್ಷವಿಡೀ ಆಡ್ಕೊಳ್ತಾರೆ. ಆಗಲ್ಲ ಅಂದ್ರೆ ಬೇರೆಯವರನ್ನ ಕರೆಸ್ಲಾ?"

"ಕರೆತಂದವನೇ ಕಳಿಸ್ಬೇಕು" ಎಂದು ಗದರಿದರು. ನಾನು ಹತ್ತಿರ ಹೋಗಿ ಕೂತೆ. ನನಗಷ್ಟೇ ಕೇಳುವಂತೆ ಹೇಳಿದರು: "ಹೋಗು ಅನ್ನಬೇಕು. ಅವಳಿಗೆ ಒಂದ್ಸಲ ಅಂದಿದ್ದೀನಿ. ಇನ್ನೊಂದ್ಸಲ ಬಾಯಿಗೆ ಬರ್ತಿಲ್ಲ."

ನನಗೆ ಸಿಟ್ಟು ಬಂತು. ಆರಾರು ವರ್ಷ ನುಂಗಿದ್ದು ಅಷ್ಟು ಜನರ ನಡುವೆ ಹೊರಬಂತು. "ಶಿಷ್ಯರಿಗೆ ನೀವೇ ಏನು ಹೇಳ್ಕೊಡ್ತೀರಿ? ನೀರಿಗೆ ಹೋಗೋದು ಮಣ್ಣು. ಅಮ್ಮ ಹೂವಿನ ವಾಸನೆ ಜೊತೆ ಬಂದ ಜಾಗಕ್ಕೇ ವಾಪಸ್ ಬರ್ತಾಳೆ. ಕೂರಿಸಿದ್ದು ಝುನೂನ ಆದ್ರೆ ಬರೋದೂ ಝುನೂನೇ. ಕಳಿಸೋ ಮಾತು ಆಮೇಲೆ. ಒಳಗೆ ಜಾಗ ಇದೆಯಾ ಇಲ್ವಾ, ಅದನ್ನ ಹೇಳಿ."

ಅವರು ನನ್ನನ್ನೇ ನೋಡಿದರು. ಆಮೇಲೆ ಹೂವನ್ನು ಮೂಗಿಗೆ ಹಿಡಿದು ನಿಧಾನವಾಗಿ ಉಸಿರೆಳೆದುಕೊಂಡರು, ಹೊಲಿಗೆಯ ಮೇಲೆ ಅಂಗೈ ಇಟ್ಟುಕೊಂಡರು. ಹೋಗು ಎಂದರೋ ಇಲ್ಲವೋ ಯಾರಿಗೂ ಕೇಳಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಬೀಳ್ಕೊಡುವಾಗ ಊರೆಲ್ಲ ಅಳುವುದರಿಂದ ಅದೂ ಯಾರಿಗೂ ಹೊಸದಾಗಿ ಕಾಣಲಿಲ್ಲ.

ಅಂದಿನಿಂದ ಅವರು ಹೆಚ್ಚೇನೂ ಮಾತಾಡಿಲ್ಲ. ಮೊನ್ನೆ ಊಟಕ್ಕೆ ಕೂತಾಗ ನಿಮ್ಮ ಪುರುಲಿಯಾದಲ್ಲಿ ಚಳಿ ಶುರುವಾಗಿರಬೇಕಲ್ಲ ಎಂದರು. ಆಗಿರಬೇಕು ಎಂದೆ. ನಬೀನ ಪಾಠ ಮಾಡುವ ಸ್ಕೂಲಿಗೆ ರಜೆ ಯಾವಾಗ ಎಂದು ಕೇಳಿದರು. ಜಾತಿ ಎತ್ತಿ ಬೌರಿಗಳ ಹುಡುಗ ಎನ್ನದೆ ಹೆಸರು ಹಿಡಿದೇ ಕೇಳಿದರು. ನೀನು ಬರುವುದಾದರೆ ಅವನ ಜೊತೆಯಲ್ಲೇ ಬಾ, ಅಡುಗೆಮನೆಯಲ್ಲಿ ನನ್ನ ಪಕ್ಕ ಕೂತು ಉಣ್ಣಬೇಕು ಅವನು. ಅವನನ್ನು ಜಗಲಿಯಲ್ಲಿ ಕೂರಿಸುವುದಾದರೆ ನಾನೂ ತಟ್ಟೆ ತೆಗೆದುಕೊಂಡು ಜಗಲಿಗೇ ಹೋಗುತ್ತೇನೆಂದು ಅವರಿಗೆ ಈಗಾಗಲೇ ಹೇಳಿಯಾಗಿದೆ.

ಮೈ ಬೆಚ್ಚಗಿಟ್ಟುಕೊಳ್ಳಿ. ಇಬ್ಬರಿಗೂ ತಾಯಿಯ ತುಂಬು ಆಶೀರ್ವಾದ.

ನಿನ್ನ ಮಾ,
ಹೈಮಂತಿ

ಮತ್ತೆ: ಇದನ್ನು ಬರೆಯುವುದೋ ಬೇಡವೋ ಎಂದು ಲಕೋಟೆ ಅಂಟಿಸದೆ ಇಟ್ಟಿದ್ದೆ. ಆಪರೇಷನ್‌ಗೆ ಒಳಗೆ ಕರೆದೊಯ್ಯುವಾಗ ನರ್ಸ್ ಹುಡುಗಿ, "ಮಕ್ಕಳು ಬಂದಿದ್ದಾರಾ ದಾದು? ಒಂದ್ಸಲ ನೋಡ್ಬಿಡಿ" ಎಂದಳು. ನಿನ್ನ ಬಾಬಾ, "ನನಗೆ ಮಕ್ಕಳಿಲ್ಲಮ್ಮ" ಎಂದರು. ನಿನ್ನನ್ನು ಹೆತ್ತ ನಾನು ಅವರ ಚಪ್ಪಲಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ. ಅವರ ಕಣ್ಣೀರಿನ ಸುದ್ದಿಯೊಂದನ್ನೇ ಓದಿ ನೀನು ಓಡಿ ಬರುವುದು ನನಗೆ ಬೇಡ, ಈ ಮಾತೂ ನಿನಗೆ ಗೊತ್ತಿರಲಿ. ಗೊತ್ತಿದ್ದೂ ಬರುವ ಮನಸ್ಸಾದರೆ ಬಾ. ಆಗದಿದ್ದರೆ ಬರೆ, ನಾನೇ ಅಲ್ಲಿಗೆ ಬರುತ್ತೇನೆ.