ತಾತ್ಕಾಲಿಕ ಹಲಗೆಯ ಕೊನೆಯ ದಿನಾಂಕ

ಮೈಸೂರು, ಗಡಿಯಾರದ ಹಿಂದಿನ ಬೀದಿ
೩೦ ಫೆಬ್ರವರಿ ೨೧೮೧, ಶುಕ್ರವಾರ

ಪೂಜ್ಯ ಪಂಚಾಕ್ಷರಿ ತಾತನವರಿಗೆ, ನಿಮ್ಮ ಮರಿಮೊಮ್ಮಗಳ ಮರಿಮೊಮ್ಮಗಳು ಮಂದಾರ ಮಾಡುವ ನಮಸ್ಕಾರಗಳು.

ದಿನಾಂಕ ನೋಡಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಅದು ಹೇಗೆ ಬಂತೆಂದು ವಿವರಿಸಲು ಇಲ್ಲಿ ಜಾಗವಿಲ್ಲ. ನಿಮ್ಮ ಕಾಲದ ಮಾತನ್ನು ನಾನು ಕಲಿತದ್ದು ಹಳೆಯ ಕಡತಗಳಿಂದ. ಆದ್ದರಿಂದ ನನ್ನ ಭಾಷೆ ಕಚೇರಿಯ ಕಾಗದದಂತೆ ಬಿಗಿಯಾಗಿ ಕಂಡರೆ ಮನ್ನಿಸಿ. ನಿಮಗೀಗ ಮೂವತ್ತೊಂಬತ್ತು, ನನಗೆ ನಲವತ್ತಾರು. ನನಗಿಂತ ಏಳು ವರ್ಷ ಚಿಕ್ಕವರನ್ನು ತಾತ ಎನ್ನಲು ನನಗೂ ಮುಜುಗರವೇ. ನಾವಿಲ್ಲಿ ಕ್ಷೇಮವಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಯಾರು ಯಾವಾಗ ಸಾಯುತ್ತಾರೆ, ಚುನಾವಣೆಯಲ್ಲಿ ಯಾರು ಗೆಲ್ಲುತ್ತಾರೆ ಎಂದೆಲ್ಲ ಬರೆದರೆ ಅಂಚೆಯವರೇ ಮಸಿ ಬಳಿದು ಕಳಿಸುತ್ತಾರೆ. ಜನ ಸಾಮಾನ್ಯವಾಗಿ ಹದಿನೆಂಟು ವರ್ಷದವರಾಗಿದ್ದ ತಮಗೇ ಬುದ್ಧಿ ಹೇಳಿ ಬರೆದುಕೊಂಡು ಆ ಒಂದು ಕಾಗದವನ್ನು ವ್ಯರ್ಥ ಮಾಡಿಕೊಳ್ಳುತ್ತಾರೆ. ನಾನು ಉಳಿಸಿಟ್ಟುಕೊಂಡಿದ್ದೆ. ಅದನ್ನು ನಿಮ್ಮ ನಾಮಫಲಕಕ್ಕೆ ಖರ್ಚು ಮಾಡಬೇಕಾದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಇವತ್ತು ನಿಮ್ಮ ಅಂಗಡಿಯ ಮೇಜಿನ ಮೇಲೆ ಒಂದು ಅರ್ಜಿ ಇದೆ. ಸಹಿ ಮಾಡಿದ್ದೀರಿ, ಇನ್ನೂ ಕೊಟ್ಟಿಲ್ಲ. ನಿಮ್ಮ ಕಟ್ಟಡ ಪಾರಂಪರಿಕ ಪಟ್ಟಿಯಲ್ಲಿದೆ, ಹಲಗೆ ಮೂರಡಿಗಿಂತ ಎತ್ತರ ಇರಕೂಡದು ಎಂದು ಕಚೇರಿಯವರು ಎರಡು ಸಲ ಹಿಂತಿರುಗಿಸಿದ್ದಾರೆ. ನೀವು ಕೇಳಿದ್ದು ಹದಿನೆಂಟಡಿ ಎತ್ತರ, ನಲವತ್ತೆರಡಡಿ ಅಗಲ; ‘ಪಂಚಾಕ್ಷರಿ ಪಾತ್ರೆ ಭಂಡಾರ’ ಎಂಬ ಕಬ್ಬಿಣದ ಅಕ್ಷರಗಳು, ಕೊನೆಗೊಂದು ಕುಕ್ಕರು. ಮೂರನೆಯ ಸಲಕ್ಕೆ, ಕಚೇರಿಯ ಮುಂದೆ ಕುಳಿತು ಅರ್ಜಿ ಬರೆದುಕೊಡುವ ಸಿದ್ದಲಿಂಗು ನಿಮಗೊಂದು ಉಪಾಯ ಹೇಳಿಕೊಟ್ಟಿದ್ದಾನೆ. ಅವನ ಮಾತು ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಉಳಿದು ಬಂದಿದೆ: “ತಾತ್ಕಾಲಿಕ ಅಂತ ಹಾಕ್ಬುಡಿ ಸ್ವಾಮಿ. ದಸರಾ ಮುಗಿಯೋಗಂಟ ಅಂತ ಬಾಯಲ್ಲಿ ಹೇಳಿ. ತೆಗೆಯೋ ತಾರೀಕು ಖಾಲಿ ಬುಡಿ, ಯಾರ್ ಕೇಳ್ತಾರೆ?”

ಯಾರೂ ಕೇಳಲಿಲ್ಲ. ದಸರಾ ಮುಗಿಯಿತು, ಹಲಗೆ ಇಳಿಯಲಿಲ್ಲ. ನಿಮ್ಮ ಮಗ ಬಣ್ಣ ಹೊಡೆಸಿದ, ಮೊಮ್ಮಗಳು ತುಕ್ಕು ಕೆರೆಸಿದಳು, ಅವಳ ಮಕ್ಕಳು ಬೆಸುಗೆ ಹಾಕಿಸಿದರು. ಸುಳ್ಳೇಕೆ ಹೇಳಲಿ, ಚಿಕ್ಕವಳಿದ್ದಾಗ ನನಗೂ ಅದರ ಮೇಲೆ ಹೆಮ್ಮೆಯಿತ್ತು. ನಿಮ್ಮ ಅಂಗಡಿಯ ಕಟ್ಟಡವೇ ನಮ್ಮ ಮನೆ, ಬೀದಿಯ ತುದಿಯಿಂದಲೇ ಅದು ಕಾಣುತ್ತಿತ್ತು. ಅಂದರೆ ಹಲಗೆ ಕಾಣುತ್ತಿತ್ತು, ಮನೆ ಯಾರಿಗೂ ಕಂಡಿಲ್ಲ.

ನಮ್ಮ ಬದುಕು ಹೇಗಿದೆಯೆಂದು ಹೇಳಿದರೆ ನಿಮಗೆ ಸಂಕಟ ಅರ್ಥವಾದೀತು. ಈಗ ಬಿಸಿಲು ಎಷ್ಟೆಂದರೆ ಬೆಳಿಗ್ಗೆ ಒಂಬತ್ತಾದ ಮೇಲೆ ಬೀದಿಗೆ ಯಾರೂ ಇಳಿಯುವುದಿಲ್ಲ. ಸಂಜೆ ತಂಪುಗಂಟೆ ಬಾರಿಸುತ್ತದೆ. ಗಾಳಿ ತಿರುಗಿತು ಎಂದು ಸಾರುವ ಗಂಟೆ ಅದು. ಆಗ ಇಡೀ ಬೀದಿಯ ಕಿಟಕಿಗಳು ಒಟ್ಟಿಗೆ ತೆರೆದುಕೊಳ್ಳುತ್ತವೆ, ಜನ ಕಿಟಕಿಯಲ್ಲೇ ಕುಳಿತು ಸೊಪ್ಪು ಬಿಡಿಸುತ್ತಾರೆ, ಎದುರು ಮನೆಯವರ ಜೊತೆ ಜಗಳವಾಡುತ್ತಾರೆ, ನೆಂಟಸ್ತನ ಕುದುರಿಸುತ್ತಾರೆ. ಊರ ಹೊರಗಿನ ಅಚ್ಚಿನ ಮನೆಗಳಲ್ಲಿ, ಎಂದರೆ ಯಂತ್ರ ಒಂದೇ ದಿನದಲ್ಲಿ ಎರೆದು ನಿಲ್ಲಿಸುವ ಮನೆಗಳಲ್ಲಿ, ಹೆಂಚಿನ ಮೇಲೆ ಮಲಗಿದ ಹಾಗಿರುತ್ತದೆ. ಹಾಗಾಗಿ ಗಾರೆ ಗೋಡೆಯ ಹಳೆಯ ಮನೆ ಸಿಕ್ಕರೆ ಜನ ಬಿಡುವುದಿಲ್ಲ. ನಮಗೆ ಅಂಥ ಮನೆಯಿದೆ, ಐದು ಕಮಾನು ಕಿಟಕಿಗಳೂ ಇವೆ. ಐದೂ ನಿಮ್ಮ ಹಲಗೆಯ ಹಿಂದೆ. ನನ್ನ ಮಗಳು ಸಂಪಿಗೆ ಮಲಗುವುದು ‘ತ್ರೆ’ ಅಕ್ಷರದ ಹಿಂದೆ. ಒತ್ತಿನ ಕೊಕ್ಕೆಯ ಸಂದಿನಿಂದ ಅಂಗೈಯಗಲ ಬೆಳಕು ಬರುತ್ತದೆ. ಒಂಬತ್ತು ವರ್ಷದ ಅವಳು ಬೀದಿಯನ್ನು ನೋಡಿರುವುದು ಅಷ್ಟರಲ್ಲೇ.

ಇಷ್ಟಾದರೆ ಸಹಿಸಿಕೊಳ್ಳುತ್ತಿದ್ದೆ. ಹಲಗೆ ನಿಲ್ಲಿಸಲು ನೀವು ಹೊಡೆಸಿದ ಬೋಲ್ಟುಗಳು ತುಕ್ಕು ಹಿಡಿದು ಉಬ್ಬಿ, ಮುಂದಿನ ಗೋಡೆ ಮೇಲಿಂದ ಕೆಳಗೆ ಬಿರುಕು ಬಿಟ್ಟಿದೆ. ಹಲಗೆ ಇಳಿಸಿದರೆ ಗೋಡೆ ಬದುಕುತ್ತದೆ. ಅದಕ್ಕೆ ಅನುಮತಿ ಬೇಡಿ ಮುಖಮಂಡಳಿಗೆ ಹೋದೆ. ಬೀದಿಗಳ ಮುಖ ಕಾಯುವವರು ಅವರು. ನೂರು ವರ್ಷ ತುಂಬಿದ್ದೆಲ್ಲ ಪಾರಂಪರಿಕ ಎಂಬುದು ಅವರ ನಿಯಮ. ಗೋಡೆಯೂ ಪಾರಂಪರಿಕ, ಹಲಗೆಯೂ ಪಾರಂಪರಿಕ. ಎರಡೂ ಉಳಿಯದಿದ್ದರೆ ಅಪರೂಪದ್ದು ಉಳಿಯಬೇಕು. ಬೀದಿಯಲ್ಲಿ ಗಾರೆ ಕಟ್ಟಡಗಳು ಹನ್ನೊಂದಿವೆ. ಹದಿನೆಂಟಡಿಯ ಹಲಗೆ ಒಂದೇ ಇದೆ, ಏಕೆಂದರೆ ನಿಮ್ಮ ನೆರೆಯವರೆಲ್ಲ ಮರ್ಯಾದೆಯಾಗಿ ಮೂರಡಿಗೆ ಒಪ್ಪಿಕೊಂಡರು.

ಅಧಿಕಾರಿ ಸುಗುಣಾವತಿಯವರ ಮುಂದೆ ನಿಮ್ಮ ಅರ್ಜಿಯನ್ನು ಹರವಿದೆ. ನೋಡಿ, ತಾತ್ಕಾಲಿಕ ಎಂದೇ ಬರೆದಿದ್ದಾರಲ್ಲ ಎಂದೆ. ಅವರ ಮುಖ ಅರಳಿತು. ಆಗ ನನಗೆ ನನ್ನ ತಪ್ಪು ಹೊಳೆಯಿತು. ತಾತಾ, ಆ ಮಾತಿಗೆ ನಮ್ಮಲ್ಲಿ ಅರ್ಥವೇ ತಿರುಗಿಹೋಗಿದೆ. ತಾತ್ಕಾಲಿಕ ಸೇತುವೆ, ತಾತ್ಕಾಲಿಕ ಶೆಡ್ಡು, ತಾತ್ಕಾಲಿಕ ತೆರಿಗೆ ಎಂದು ನೀವೆಲ್ಲ ಮಾಡಿಟ್ಟದ್ದು ಒಂದೂ ಕದಲದೇ ಹೋದದ್ದರಿಂದ, ಈಗ ತಾತ್ಕಾಲಿಕ ಎಂದರೆ ಎಂದೆಂದಿಗೂ ಇರುವಂಥದ್ದು. ಮದುವೆಯಲ್ಲಿ ಹಿರಿಯರು ಅಕ್ಷತೆ ಹಾಕಿ, ನಿಮ್ಮ ಸಂಸಾರ ತಾತ್ಕಾಲಿಕವಾಗಿರಲಿ ಎಂದು ಹರಸುತ್ತಾರೆ. ಹಿಂದೆ ಹಾಗಿರಲಿಲ್ಲ, ಸ್ವಲ್ಪ ದಿನದ ಮಟ್ಟಿಗೆ ಎಂದಷ್ಟೇ ಅರ್ಥ ಎಂದು ನಾನು ಗಂಟಲು ಹರಿಯುವಂತೆ ಹೇಳಿದೆ. “ನಲವತ್ತೆರಡಡಿ ಕಬ್ಬಿಣಾನ ಯಾರಾದ್ರೂ ಸ್ವಲ್ಪ ದಿನಕ್ಕೆ ಅಂತ ಹೊಡೀತಾರೇನಮ್ಮಾ?” ಎಂದು ಅವರು ನಕ್ಕರು. ಆಮೇಲೆ ಮೆಲ್ಲಗೆ ಅಂದರು: “ತೆಗೆಯೋ ತಾರೀಕು ಒಂದು ಬರ್ದಿದ್ರೆ ನಾನೇ ನಿಂತು ಇಳಿಸ್ತಿದ್ದೆ. ಖಾಲಿ ಬಿಟ್ಟವ್ರೆ, ನಾನೇನ್ ಮಾಡ್ಲಿ?”

ತೀರ್ಪು ಬಂದಿದೆ. ಹಲಗೆಗೆ ಉಕ್ಕಿನ ಆಧಾರ ಕೊಟ್ಟು ಇದ್ದಲ್ಲೇ ನಿಲ್ಲಿಸುತ್ತಾರೆ. ಅದರ ಹಿಂದಿನ ನಮ್ಮ ಮನೆಯನ್ನು ಕೆಡವುತ್ತಾರೆ. ಸೋಮವಾರ ಬೆಳಿಗ್ಗೆ ಆಳುಗಳು ಬರುತ್ತಾರೆ. ನಮಗೆ ಅಚ್ಚಿನ ಮನೆ ಗೊತ್ತುಮಾಡಿದ್ದಾರೆ. ಅಲ್ಲಿ ಯಾವ ಅಕ್ಷರದ ಹಿಂದೆ ಮಲಗಬೇಕು ಎಂದು ಸಂಪಿಗೆ ಕೇಳಿದಳು. ನನಗೆ ಅಳು ತಡೆಯಲಾಗಲಿಲ್ಲ. ನಿಮ್ಮ ಮೇಲೆ ಸಿಟ್ಟೂ ಬಂತು, ಈಗಲೂ ಇದೆ.

ಹಲಗೆ ಹಾಕಬೇಡಿ ಎಂದು ನಾನು ಕೇಳುವುದಿಲ್ಲ. ನಿಮ್ಮ ಹಟ ನನಗೆ ಗೊತ್ತು, ಅದೇ ಹಟ ನನಗೂ ಬಂದಿದೆ. ಹದಿನೆಂಟಡಿಯೇ ಇರಲಿ, ಕುಕ್ಕರೂ ಇರಲಿ. ಅರ್ಜಿಯ ಎರಡನೆಯ ಪುಟದಲ್ಲಿ ‘ತೆರವುಗೊಳಿಸುವ ದಿನಾಂಕ’ ಎಂದಿದೆಯಲ್ಲ, ಆ ಜಾಗ ತುಂಬಿಸಿ. ದಸರೆಯ ಮರುದಿನ ಎಂದು ಬರೆಯಿರಿ. ಅಷ್ಟು ಬೇಗ ಇಳಿಸಲು ಮನಸ್ಸು ಬಾರದಿದ್ದರೆ ಐವತ್ತು ವರ್ಷ ಬಿಟ್ಟು ಒಂದು ದಿನ ಬರೆಯಿರಿ. ಯಾವ ದಿನವಾದರೂ ಸರಿ, ನಿಮ್ಮ ಕೈಬರಹದಲ್ಲಿರಲಿ. ಸಿದ್ದಲಿಂಗುವನ್ನು ಮಾತ್ರ ಕೇಳಬೇಡಿ.

ನಿಮ್ಮ ಅರ್ಜಿಯ ಮೂಲಪ್ರತಿ ನನ್ನ ಪಕ್ಕದಲ್ಲೇ ಇದೆ. ಇದನ್ನು ಬರೆಯುತ್ತ ಹತ್ತು ಸಲವಾದರೂ ಎರಡನೆಯ ಪುಟ ತಿರುವಿ ನೋಡಿದ್ದೇನೆ. ಆ ಜಾಗ ಇನ್ನೂ ಖಾಲಿಯೇ ಇದೆ. ಕಾಗದ ಇನ್ನೂ ಅಂಚೆಗೆ ಹಾಕಿಲ್ಲವಲ್ಲ, ಅದಕ್ಕೇ ಇರಬೇಕು. ಈಗ ಹೋಗಿ ಹಾಕಿ ಬರುತ್ತೇನೆ. ಬಂದು ಮತ್ತೆ ನೋಡುತ್ತೇನೆ.

ನಿಮ್ಮ
ಮಂದಾರ